ಬಾಯಲ್ಲಿ ಮಿರ್ಚಿ, ಬಸ್ಸಿನಲ್ಲಿ ನಾನು

ಈಚೆಗೆ ನನ್ನ ಫೋಟೋ ಪತ್ರಿಕೆಯಲ್ಲಿ ಬಂತು.

ಈ ಅಂಕಣದ ನೆತ್ತಿಯ ಮೇಲೆ ಅಂಚೆಚೀಟಿಯಷ್ಟು ಬರುತ್ತದಲ್ಲ, ಅದಲ್ಲ. (ಅದು ಹಳೆಯದು. ಅದರಲ್ಲಿರುವಷ್ಟು ಕೂದಲು ಈಗ ನನ್ನ ತಲೆಯಲ್ಲಿಲ್ಲ.) ಇದು ಬೇರೆ ಪತ್ರಿಕೆ. ದೊಡ್ಡ ಫೋಟೋ, ಬಣ್ಣದ್ದು. ಒಂದು ನೀಲಿ ಬಸ್ಸು, ಅದರ ಕಿಟಕಿಯಲ್ಲಿ ನಾನು. ಬಾಯಿ ಇಷ್ಟಗಲ ತೆರೆದಿದೆ. ಕಣ್ಣಲ್ಲಿ ನೀರು. ನೋಡಿದವರಿಗೆ ಆನಂದಬಾಷ್ಪ ಅನ್ನಿಸಬೇಕು.

ಮೊದಲು ನೋಡಿದ್ದು ನಮ್ಮ ಮನೆಯವರು. ಚಹಾ ಕುಡಿಯುತ್ತ, ಪುಟ ತಿರುಗಿಸುತ್ತ, ತಲೆ ಎತ್ತದೆ ಹೇಳಿದರು:

"ನಿನ್ನ ಫೋಟೋ ಬಂದದ ನೋಡು."

"ಹೌದಾ? ಏನರ ಪ್ರಶಸ್ತಿ ಕೊಟ್ಟಾರೇನು?"

"ಗೊತ್ತಿಲ್ಲ. ಬಾಯಾಗ ಮಿರ್ಚಿ ಅದ."

ಓಡಿ ಬಂದು ನೋಡಿದೆ. ಫೋಟೋದ ಕೆಳಗೆ ಹೀಗಿತ್ತು: 'ಮುಷ್ಕರ ಸಂಪೂರ್ಣ ವಿಫಲ. ರಾಯಚೂರಿನಿಂದ ಮಾನ್ವಿಗೆ ನಿರಾತಂಕವಾಗಿ ತೆರಳುತ್ತಿರುವ ಪ್ರಯಾಣಿಕರು.'

ಮುಷ್ಕರ ವಿಫಲವಾಗಿರಲಿಲ್ಲ. ಆ ಬಸ್ಸು ಮಾನ್ವಿಗೆ ಹೊರಟಿರಲಿಲ್ಲ. ನಾನು ಪ್ರಯಾಣ ಮಾಡುತ್ತಿರಲಿಲ್ಲ. ಇಡೀ ಸುದ್ದಿಯಲ್ಲಿ ನಿಜವಾಗಿದ್ದದ್ದು ಮಿರ್ಚಿ ಒಂದೇ.

ಇದರಲ್ಲಿ ಏನು ಮಹಾ ಅಂತೀರಾ? ಅದಕ್ಕೂ ಹಿಂದಿನ ವಾರ ಇದೇ ಜಾಗದಲ್ಲಿ ನಾನು ಆ ಮುಷ್ಕರದ ಪರವಾಗಿ ಬರೆದಿದ್ದೆ. ಓದಿದವರಿಗೆ ನೆನಪಿದೆ. ಓದದವರಿಗೆ ಚಿಕ್ಕದಾಗಿ ಹೇಳುತ್ತೇನೆ.

ನಾನು ಇರುವುದು ರಾಯಚೂರಿನಲ್ಲಿ, ಪಾಠ ಮಾಡುವುದು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ. (ಹಾಗಾಗಿ ಊರವರಿಗೆಲ್ಲ ನಾನು 'ಅಕ್ಕೋರು', ಅಂದರೆ ಟೀಚರಮ್ಮ.) ದಿನಾ ಬೆಳಿಗ್ಗೆ ನೀಲಿ ಬಸ್ಸು. ಅದೊಂದು ಖಾಸಗಿ ಕಂಪನಿಯದು. (ಹೆಸರು ಬರೆಯುವುದಿಲ್ಲ. ಬರೆದರೆ ಸಂಪಾದಕರು ಫೋನ್ ಮಾಡುತ್ತಾರೆ.) ಒಂದು ಸಾಲು ಮಾನ್ವಿ ದಾಟಿ ಪೋತ್ನಾಳಕ್ಕೆ ಹೋಗುತ್ತದೆ, ಇನ್ನೊಂದು ದೇವದುರ್ಗಕ್ಕೆ, ಸಣ್ಣದೊಂದು ಗುಂಜಹಳ್ಳಿಗೆ. ನಮ್ಮ ಬಸ್ಸಿನ ಡ್ರೈವರ್ ಖಾಜಾಸಾಬ. ಅವರು ನಮ್ಮ ಪಕ್ಕದ ಮನೆಯವರೂ ಹೌದು. ಎರಡೂ ಮನೆಯ ಅಂಗಳಕ್ಕೆ ನಡುವಿನ ಗೋಡೆ ಒಂದೇ.

ಗದ್ದೆಗೆ ಕಾಲುವೆ ನೀರು ಬಿಟ್ಟ ದಿನಗಳವು. ಮಾನ್ವಿ ಇನ್ನೇನು ಬಂತು ಅನ್ನುವಾಗ ರಸ್ತೆ ತಿರುವಿನಲ್ಲಿ ಕುರಿ ಹಿಂಡು. ಹಿಂಡಿನ ನಡುವೆ ಒಬ್ಬ ಹೆಣ್ಣುಮಗಳು, ಸೊಂಟದಲ್ಲಿ ಕೂಸು. ಖಾಜಾಸಾಬ ಬ್ರೇಕ್ ಒತ್ತಿದರು. ಪೆಡಲ್ಲು ನೆಲಕ್ಕೆ ಹತ್ತಿತು, ಬಸ್ಸು ಮಾತ್ರ ತನ್ನ ಪಾಡಿಗೆ ಮುಂದಕ್ಕೆ ಹೊರಟಿತ್ತು. ಅವರು ಸ್ಟಿಯರಿಂಗ್ ಎಳೆದು ಬಸ್ಸನ್ನು ನಾಟಿ ಮಾಡಿದ ಗದ್ದೆಗೆ ಇಳಿಸಿಬಿಟ್ಟರು. ಎಮ್ಮೆ ಕೆರೆಗೆ ಇಳಿದ ಹಾಗೆ ಅದು ಕೆಸರಲ್ಲಿ ಕೂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಪೋತ್ನಾಳದ ಯಲ್ಲವ್ವನ ಟೊಮೆಟೊ ಬುಟ್ಟಿ ಮಾತ್ರ ಬಸ್ಸಿನ ತುಂಬ ಉರುಳಿತು. ಯಲ್ಲವ್ವ ದಿನಾ ನಸುಕಿನಲ್ಲಿ ರಾಯಚೂರಿನ ಮಾರ್ಕೆಟ್ಟಿಗೆ ಬಂದು ಕಾಯಿಪಲ್ಯ ಕೊಂಡು ಊರಿಗೆ ಒಯ್ದು ಮಾರುವಾಕೆ. ಅವಳ ಬಾಯಿಗೆ ಇಡೀ ಬಸ್ಸು ಹೆದರುತ್ತದೆ. "ಲೇ ಖಾಜಾ, ನಿನ್ನ ಕೈಯಾಗ ಏನಾಗ್ಯದೋ..." ಅಂತ ಶುರು ಮಾಡಿದವಳು ಕಿಟಕಿಯಿಂದ ಹೊರಗೆ ನೋಡಿದಳು. ಆ ಹೆಣ್ಣುಮಗಳು ಕೂಸನ್ನು ಅವುಚಿಕೊಂಡು ರಸ್ತೆ ನಡುವೆ ಹಾಗೇ ನಿಂತಿದ್ದಳು. ಯಲ್ಲವ್ವ ತನ್ನ ನೀರಿನ ಬಾಟಲಿ ತೆಗೆದು ಖಾಜಾಸಾಬರ ಕೈಗೆ ಕೊಟ್ಟಳು. ಮುಚ್ಚಳವನ್ನೂ ಅವಳೇ ತೆಗೆದುಕೊಟ್ಟಳು.

ಕಂಪನಿಯವರು ಏನು ಮಾಡಿದರು? ಟ್ರ್ಯಾಕ್ಟರ್ ತರಿಸಿ ಬಸ್ಸನ್ನು ಎಳೆಸಿದರು. ತೊಳೆಸಿದರು. ಚೆನ್ನಾಗಿಯೇ ತೊಳೆಸಿದರು. ಮರುದಿನ ಬೆಳಿಗ್ಗೆ ಖಾಜಾಸಾಬರಿಗೆ ಅದೇ ಬಸ್ಸಿನ ಕೀಲಿ ಕೊಟ್ಟರು. ಅವರು ಕಂಪನಿಯ ಬಯಲಿನಲ್ಲೇ ಒಂದು ಸುತ್ತು ಹಾಕಿ, ಬ್ರೇಕ್ ಒತ್ತಿ ನೋಡಿ, ಇಳಿದುಬಿಟ್ಟರು.

"ಇದನ್ನ ನಾ ರೋಡಿಗಿ ಒಯ್ಯಂಗಿಲ್ರಿ."

"ಯಾಕ? ನಿನ್ನೆ ನಿಂತಿತಲ್ಲ?" ಎಂದರು ಮ್ಯಾನೇಜರ್.

"ನಿಂತಿದ್ದು ಕೆಸರಿಗ್ರಿ ಸಾಹೇಬ್ರ. ಬ್ರೇಕಿಗಲ್ಲ."

ಸಂಜೆಯ ಹೊತ್ತಿಗೆ ಖಾಜಾಸಾಬ ಸಸ್ಪೆಂಡ್. ಕಾರಣ: ಮೇಲಿನವರ ಮಾತು ಕೇಳಲಿಲ್ಲ. ಮರುದಿನ ಉಳಿದ ಡ್ರೈವರ್‌ಗಳು, ಕಂಡಕ್ಟರ್‌ಗಳು ಕೀಲಿ ಇಟ್ಟು ಹೊರಗೆ ಬಂದರು. ಖಾಜಾಸಾಬರನ್ನು ವಾಪಸ್ ತಗೊಳ್ಳಿ, ಬಸ್ಸುಗಳನ್ನು ರಿಪೇರಿ ಮಾಡಿಸಿ, ಅಷ್ಟೇ ಬೇಡಿಕೆ. ಮಾನ್ವಿಯಲ್ಲಿ ರಸ್ತೆ ಬದಿ ಒಂದು ಶಾಮಿಯಾನ ಹಾಕಿ ಕೂತರು.

ನಾನು ಇದನ್ನೆಲ್ಲ ಬರೆದೆ. ಗದ್ದೆಗೆ ಇಳಿದ ಬಸ್ಸಿನಲ್ಲಿ ನಾನೂ ಇದ್ದೆನಲ್ಲ, ಬರೆಯದೆ ಹೇಗಿರಲಿ? ಬರೆದದ್ದನ್ನು ಶಾಮಿಯಾನದಲ್ಲಿ ಜೋರಾಗಿ ಓದಿದರಂತೆ. ಖಾಜಾಸಾಬರ ಹೆಂಡತಿ ಮಹಬೂಬಿ ಕನ್ನಡ ಓದಲು ಬಾರದವಳು. ಗಂಡನ ಕೈಲಿ ಓದಿಸಿ ಕೇಳಿದಳು, ಆ ಪುಟವನ್ನು ಹೊಲಿಗೆ ಮಷಿನ್ನಿನ ಹಿಂದಿನ ಗೋಡೆಗೆ ಅಂಟಿಸಿದಳು.

ಇಂಥ ನಾನು ಆ ಬಸ್ಸಿನಲ್ಲಿ ಏನು ಮಾಡುತ್ತಿದ್ದೆ?

ಹೇಳುತ್ತೇನೆ. ರಾಯಚೂರಿನ ಬಿಸಿಲು ನಿಮಗೆ ಗೊತ್ತು. ಗೊತ್ತಿಲ್ಲದಿದ್ದರೆ ಗೊತ್ತು ಮಾಡಿಕೊಳ್ಳಲು ಬರಬೇಡಿ. ಅಂದು ಬೆಳಿಗ್ಗೆ ಬ್ಯಾಂಕಿನ ಕೆಲಸ ಮುಗಿಸಿ ಮಧ್ಯಾಹ್ನದ ಪಾಠಕ್ಕೆ ಹೊರಟಿದ್ದೆ. ಮುಷ್ಕರ ಶುರುವಾದಾಗಿನಿಂದ ನಮಗೆಲ್ಲ ಕ್ರೂಸರ್ ಜೀಪೇ ಗತಿ. ಅದರಲ್ಲಿ ಸೀಟು ಅನ್ನುವುದಿಲ್ಲ, ಯಾರದೋ ತೊಡೆ ಸಿಗುತ್ತದೆ. ಕ್ರೂಸರ್ ನಿಲ್ಲುವುದು ಕಂಪನಿಯ ಬಯಲಿನ ಮುಂದೆ. ತಳ್ಳುಗಾಡಿಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಕಾಯುತ್ತಿದ್ದೆ. ಆಗ ಮ್ಯಾನೇಜರ್ ಚಂದ್ರಶೇಖರಪ್ಪ ಬಂದರು.

"ನಮಸ್ಕಾರ್ರಿ ಅಕ್ಕೋರ. ನೀವು ಬರದಿದ್ದು ಓದಿದೆ. ಭಾಳ ಛಲೋ ಬರದೀರಿ."

ಅಂಕಣ ಬರೆಯುವವರ ಬುದ್ಧಿ ಕೆಲಸ ನಿಲ್ಲಿಸಲು ಇಷ್ಟು ಸಾಕು. ನಾನು ಬೈದು ಬರೆದಿದ್ದೆ, ಈ ಮನುಷ್ಯ ಛಲೋ ಬರದೀರಿ ಅನ್ನುತ್ತಾನೆ. ಎಂಥ ದೊಡ್ಡ ಮನಸ್ಸು!

"ಬಿಸಲಾಗ ಯಾಕ ನಿಂತೀರಿ? ಬಸ್ಸಾಗ ನೆಳ್ಳದ, ಒಳಗ ಕೂಡ್ರಿ. ಕ್ರೂಸರ್ ಬಂದ್ರ ನಾನಾ ಹೇಳ್ತೀನಿ."

ಕೂತೆ. ಒಳಗೆ ಇನ್ನೂ ಕೆಲವರಿದ್ದರು. ಒಬ್ಬರ ತೊಡೆಯ ಮೇಲೆ ಸೂಟ್‌ಕೇಸ್. ಮಾತಿಗೆ ಕೇಳಿದೆ:

"ನೀವು ಯಾವೂರಿಗಿ ಹೊಂಟೀರಿ?"

"ಎಲ್ಲಿಗೂ ಇಲ್ರಿ. ಕೂಡು ಅಂದಾರ, ಕುಂತೀವಿ."

ಆಗಲೇ ನನಗೆ ತಿಳಿಯಬೇಕಿತ್ತು. ಡ್ರೈವರ್ ಸೀಟು ಖಾಲಿ ಇರುವುದೂ ಕಾಣುತ್ತಿತ್ತು. ಆದರೆ ಹೊಟ್ಟೆ ಹಸಿದಿತ್ತು, ಮಿರ್ಚಿ ಬಿಸಿ ಇತ್ತು. ಒಂದು ಕಚ್ಚಿದೆ. ಒಳಗಿನ ಮೆಣಸಿನಕಾಯಿ ಬಾಯಿ ಸುಟ್ಟಿತು. ಹಾ ಎಂದು ಬಾಯಿ ಬಿಟ್ಟೆ. ಹೊರಗೆ ಯಾರೋ ಕ್ಯಾಮೆರಾ ಹಿಡಿದಿದ್ದರು. ಊರಲ್ಲಿ ಕ್ಯಾಮೆರಾ ಹಿಡಿದವರು ಕಮ್ಮಿಯೇ? ಕ್ರೂಸರ್ ಬಂತು. ಇಳಿದು, ಮ್ಯಾನೇಜರ್‌ಗೆ ಥ್ಯಾಂಕ್ಸ್ ಬೇರೆ ಹೇಳಿ, ಯಾರದೋ ತೊಡೆಯ ಮೇಲೆ ಕೂತು ಮಾನ್ವಿಗೆ ಹೋದೆ.

ಇಷ್ಟೇ ನಡೆದದ್ದು.

ಫೋಟೋ ಬಂದ ಬೆಳಿಗ್ಗೆ ಫೋನ್ ನಿಲ್ಲಲಿಲ್ಲ. ಹಿರೇಕೊಟ್ನೆಕಲ್‌ನ ಓದುಗರೊಬ್ಬರು, "ಅಕ್ಕೋರ, ಮಿರ್ಚಿ ರುಚಿ ಇತ್ತೇನ್ರಿ?" ಎಂದು ಕೇಳಿ ಉತ್ತರಕ್ಕೂ ಕಾಯದೆ ಇಟ್ಟರು. ನಮ್ಮ ಹೆಡ್‌ಮಾಸ್ಟರು, "ಬಸ್ಸು ಚಾಲೂ ಆತಂತಲ್ರಿ, ಹಂಗಾದ್ರ ನಾಳಿಯಿಂದ ಲೇಟ್ ಮಾಡಬ್ಯಾಡ್ರಿ" ಎಂದರು. ಮುಷ್ಕರ ಮಾಡುವವರೆಲ್ಲ ಸೋಮಾರಿಗಳೆಂದು ನಂಬಿದ ನನ್ನ ದೂರದ ಭಾವನೊಬ್ಬ, "ಕಡೀಕ ಬುದ್ಧಿ ಬಂತಲ್ಲ ನಿನಗ" ಎಂದು ಮೆಚ್ಚಿಕೊಂಡ. ಎಲ್ಲಕ್ಕಿಂತ ಸಂಕಟವಾದದ್ದು ಇದು.

ಅಲ್ಲ, ಸಂಕಟವಾದದ್ದು ಇನ್ನೊಂದಿದೆ.

ನಮ್ಮ ಮನೆಗೂ ಮಹಬೂಬಿಯ ಮನೆಗೂ ಡಬ್ಬಿ ಓಡಾಡುತ್ತದೆ. ನಾನು ಶೇಂಗಾ ಚಟ್ನಿ ಕಳಿಸಿದರೆ ಅವಳು ಖಟ್ಟಾ ದಾಲ್ ತುಂಬಿಸಿ ಕಳಿಸುತ್ತಾಳೆ. ಮಾಡಿದ್ದೇನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆಯಾದರೂ ಇರುತ್ತದೆ. ಖಾಲಿ ಡಬ್ಬಿ ತಿರುಗಿಸಬಾರದು ಅನ್ನುವುದು ಎರಡೂ ಮನೆಯ ಶಾಸ್ತ್ರ. ಅಂದು ಡಬ್ಬಿ ಗೋಡೆಯ ಮೇಲೆ ಕೂತಿತ್ತು. ತೆರೆದೆ. ತೊಳೆದು, ಒರೆಸಿ, ಖಾಲಿ.

ಕಾಯಲಿಲ್ಲ, ಹೋದೆ.

ಬಾಗಿಲಲ್ಲಿ ನನ್ನನ್ನು ಕಂಡು ಮಹಬೂಬಿ ಒಳಕ್ಕೆ, "ದೇಖೋಜೀ, ಅಕ್ಕೋರು ಆಯೇ" ಎಂದಳು. ಬರ್ರಿ ಅನ್ನಲಿಲ್ಲ. ಹೊಲಿಗೆ ಮಷಿನ್ನು ತುಳಿಯುವುದನ್ನೂ ನಿಲ್ಲಿಸಲಿಲ್ಲ. ಖಾಜಾಸಾಬ ಹೊರಗೆ ಬಂದು ಖುರ್ಚಿ ಹಾಕಿದರು.

"ಅಕ್ಕೋರ, ನೀವು ಕುಂತಿದ್ದು ಯಾವ ಬಸ್ಸು, ಗೊತ್ತೇನ್ರಿ?"

"ಯಾವುದು?"

"ಗದ್ದಿಗಿ ಇಳಿದಿತ್ತಲ್ರಿ, ಅದಾ."

ತೊಳೆಸಿದ ಮೇಲೆ ನನಗೆ ಗುರುತೇ ಸಿಕ್ಕಿರಲಿಲ್ಲ.

"ನೀವು ಕುಂತಾಗ ಅದು ನಿಂತಿತ್ತು, ಪುಣ್ಯ" ಎಂದರು ಖಾಜಾಸಾಬ. ವ್ಯಂಗ್ಯವಿರಲಿಲ್ಲ. ಅವರಿಗೆ ವ್ಯಂಗ್ಯ ಬರುವುದಿಲ್ಲ.

ನಡೆದದ್ದನ್ನೆಲ್ಲ ಹೇಳಿದೆ. ಬಿಸಿಲು, ಮ್ಯಾನೇಜರ್, ಸೂಟ್‌ಕೇಸು, ಮಿರ್ಚಿ. ಮಷಿನ್ನು ನಿಂತಿತು.

"ನಿಂತ ಬಸ್ಸಾಗ ಯಾಕ ಕುಂತ್ರಿ ಅಕ್ಕೋರ?" ಎಂದಳು ಮಹಬೂಬಿ.

"ನೆಳ್ಳಿತ್ತವಾ."

"ನಮ್ಮ ಮನ್ಯಾಗ ನೆಳ್ಳಿಲ್ಲೇನ್ರಿ?"

ಇಷ್ಟು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ್ದೇನೆ. ಇಂಥ ಪ್ರಶ್ನಾರ್ಥಕ ವಾಕ್ಯ ಯಾವ ಪುಸ್ತಕದಲ್ಲೂ ನೋಡಿಲ್ಲ.

"ಮಂದಿ ಕೇಳಾಕತ್ತಾರ್ರಿ, ನಿಮ್ಮ ಅಕ್ಕೋರು ಯಾ ಕಡಿ ಅದಾರ ಅಂತ. ನಾ ಏನ್ ಹೇಳ್ಲಿ? ಗ್ವಾಡಿ ಮ್ಯಾಲಿಂದು ಹರೀಲೋ, ಇರಲೋ?" ಎಂದಳು.

ಗೋಡೆ ನೋಡಿದೆ. ನನ್ನ ಅಂಕಣ ಇನ್ನೂ ಇತ್ತು. ಅಂಚೆಚೀಟಿಯ ಗಾತ್ರದಲ್ಲಿ, ತುಂಬುಗೂದಲಿನ ನಾನು ನಗುತ್ತಿದ್ದೆ.

ನಿಜವಾದ ಪೆಟ್ಟಿನ ಸುದ್ದಿಯನ್ನು ಖಾಜಾಸಾಬ ಆಮೇಲೆ ಹೇಳಿದರು. ಆ ಫೋಟೋವನ್ನು ಕಂಪನಿಯವರು ಎಲ್ಲ ಡ್ರೈವರ್‌ಗಳ ಮೊಬೈಲಿಗೆ ಕಳಿಸಿದ್ದರು. ನೋಡ್ರಿ, ನಿಮ್ಮ ಪರ ಬರೆದ ಅಕ್ಕೋರೇ ನಮ್ಮ ಬಸ್ಸು ಹತ್ತಿದ್ದಾರೆ, ನೀವ್ಯಾಕೆ ಬಿಸಿಲಲ್ಲಿ ಕೂತೀರಿ? ದೇವದುರ್ಗದ ಕಡೆಯ ಡ್ರೈವರ್ ನಿಂಗಪ್ಪ ಅದನ್ನು ನೋಡಿ, ಮುಷ್ಕರ ಮುಗಿದೇ ಹೋಯಿತೆಂದು ಕೆಲಸಕ್ಕೆ ಬರಲು ಒಪ್ಪಿಬಿಟ್ಟಿದ್ದ. ಶುಕ್ರವಾರ ಬೆಳಿಗ್ಗೆ ಮಾನ್ವಿಗೆ ಬಸ್ಸು ಬಿಡುತ್ತಾರೆ. ಪೊಲೀಸರೂ ಇರುತ್ತಾರೆ. ಬಸ್ಸು ಯಾವುದು? ಅದೇ. ಉಳಿದವುಗಳ ಸ್ಥಿತಿ ಅದಕ್ಕಿಂತ ಕಡೆ.

"ನಿಂಗಪ್ಪಗ ನೀವಾ ಫೋನ್ ಮಾಡ್ರಲ್ಲ" ಎಂದೆ ಖಾಜಾಸಾಬರಿಗೆ.

"ಮಾಡೀನ್ರಿ. ಎತ್ತವಲ್ಲ. ನನ್ನ ನಂಬರ್ ನೋಡಿ ಎತ್ತಾಕ ಮುಖ ಇರಂಗಿಲ್ರಿ ಅವಂಗ. ಕೆಟ್ಟವ ಅಲ್ಲ."

ಅಲ್ಲಿಂದ ಸೀದಾ ಆ ಪತ್ರಿಕೆಯ ಆಫೀಸಿಗೆ ಹೋದೆ. ಫೋಟೋ ಹಾಕಿದವರು ಶಾಂತವಾಗಿ ವಿಚಾರಿಸಿದರು.

"ಫೋಟೋದಾಗ ಇರೋದು ನೀವಾ ಏನ್ರಿ ಮೇಡಂ?"

"ನಾನಾ."

"ಬಸ್ಸಾಗ ಕುಂತಿದ್ರಿ?"

"ಕುಂತಿದ್ದೆ."

"ಮತ್ತ ತಪ್ಪೇನದ?"

"ಬಸ್ಸು ಹೊಂಟಿರಲಿಲ್ರಿ."

"ಅದು ಫೋಟೋದಾಗ ಕಾಣಂಗಿಲ್ರಿ ಮೇಡಂ."

ಸತ್ಯವೇ. ನಿಂತ ಬಸ್ಸೂ ಓಡುವ ಬಸ್ಸೂ ಫೋಟೋದಲ್ಲಿ ಒಂದೇ. ಕೊನೆಗೆ ಸ್ಪಷ್ಟನೆ ಹಾಕುತ್ತೇವೆ ಎಂದರು. ಹಾಕಿದರು ಕೂಡ, ಕಳೆದುಹೋದ ಎಮ್ಮೆಯ ಜಾಹೀರಾತಿನ ಕೆಳಗೆ: 'ನಿನ್ನೆಯ ಚಿತ್ರದಲ್ಲಿರುವ ಮಹಿಳೆ ತಾವು ಪ್ರಯಾಣಿಕರಲ್ಲ ಎಂದು ತಿಳಿಸಿದ್ದಾರೆ.'

"ಮತ್ತ ಯಾರು ನೀನು?" ಎಂದು ಕೇಳಿದರು ನಮ್ಮ ಮನೆಯವರು.

ಶುಕ್ರವಾರ ಬೆಳಿಗ್ಗೆ ಬೇಗ ಎದ್ದು ಸೀರೆ ಉಟ್ಟೆ. ಎಲ್ಲಿಗೆ ಅಂತ ಅವರು ಕೇಳಲಿಲ್ಲ. ತಾವೂ ಪ್ಯಾಂಟು ಹಾಕಿಕೊಂಡು ಕೊಡೆ ಹಿಡಿದು ಬಂದರು. (ರಾಯಚೂರಿನಲ್ಲಿ ಕೊಡೆ ಮಳೆಗಲ್ಲ.) ಖಾಜಾಸಾಬ ಬರುವ ಹಾಗಿರಲಿಲ್ಲ. ಅವರು ಕಂಪನಿಯ ಬಯಲಿಗೆ ಕಾಲಿಟ್ಟರೆ ಅದನ್ನೇ ದೊಡ್ಡದು ಮಾಡುತ್ತಿದ್ದರು. ಬಾಗಿಲು ದಾಟುವಾಗ ನೋಡಿದರೆ ಮಹಬೂಬಿ ಬುರ್ಖಾ ಹಾಕಿಕೊಂಡು ಓಣಿಯಲ್ಲಿ ನಿಂತಿದ್ದಾಳೆ.

"ಎಲ್ಲಿಗವಾ?"

"ನಿಮ್ ಸಂಗಾಟ."

ಮೂವರೂ ಹೊರಟೆವು.

ಬಯಲಿನಲ್ಲಿ ಬಸ್ಸು ತಯಾರಾಗಿ ನಿಂತಿತ್ತು. ಮುಂದೆ ಚೆಂಡುಹೂವಿನ ಹಾರ. ಇಬ್ಬರು ಪೊಲೀಸರು, ಕ್ಯಾಮೆರಾದವರು, ಮ್ಯಾನೇಜರ್. ಪ್ರಯಾಣಿಕರೂ ಇದ್ದರು. ಕ್ರೂಸರ್‌ನಲ್ಲಿ ನುಗ್ಗಿ ಬೇಸತ್ತವರು, ಆಸ್ಪತ್ರೆಗೆ ಹೋಗುವವರು, ನಮ್ಮಂಥ ನೌಕರಿಯವರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬಸ್ಸಿಲ್ಲದ ಕಷ್ಟ ನನಗೂ ಗೊತ್ತಲ್ಲ. ಯಲ್ಲವ್ವ ಆಗಲೇ ಬುಟ್ಟಿಗಳನ್ನು ಹತ್ತಿಸಿ ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದಳು. ಡ್ರೈವರ್ ಸೀಟಿನಲ್ಲಿ ನಿಂಗಪ್ಪ. ನಡುವಯಸ್ಸಿನ, ಹಣೆ ತುಂಬ ವಿಭೂತಿ ಹಚ್ಚಿಕೊಂಡ ಮನುಷ್ಯ. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ನಾನು ಅವನ ಕಿಟಕಿಯ ಕೆಳಗೆ ಹೋಗಿ ನಿಂತೆ.

"ನಿಂಗಪ್ಪ, ನನ್ನ ಗುರುತು ಸಿಕ್ತೇನು?"

ಅವನು ಬಗ್ಗಿ ನೋಡಿದ. "ಸಿಗದ ಏನ್ರಿ ಅಕ್ಕೋರ? ನೀವಾ ಹತ್ತೀರಂತ ನೋಡಿ ನಾ ಬಂದೀನಿ."

"ನಾ ಹತ್ತಿದಾಗ ಇದು ಇಲ್ಲೇ ನಿಂತಿತ್ತಪ್ಪ. ಡ್ರೈವರ್ ಇದ್ದಿಲ್ಲ. ಬಿಸಲಂತ ಕುಂತಿದ್ದೆ. ಅವತ್ತು ಗದ್ದಿಗಿ ಇಳದಾಗೂ ಇದರಾಗ ಕುಂತಿದ್ದೆ. ಎದುರಿಗಿ ಒಬ್ಬಾಕಿ ಕೂಸು ಎತ್ಕೊಂಡು ನಿಂತಿದ್ಲು. ಖಾಜಾಸಾಬ್ರು ಬ್ರೇಕ್ ಒತ್ತಿದ್ದು ನಾ ಕಣ್ಣಾರೆ ನೋಡೀನಿ. ಹಿಡೀಲಿಲ್ಲ."

"ರಿಪೇರಿ ಆಗ್ಯದ ಅಂದಾರಲ್ರಿ?"

ಅಷ್ಟರಲ್ಲಿ ಮ್ಯಾನೇಜರ್ ಚಂದ್ರಶೇಖರಪ್ಪ ಬಂದರು. ಇವತ್ತೂ ಅಷ್ಟೇ ಮರ್ಯಾದೆ. "ಅಕ್ಕೋರ, ಎಲ್ಲಾ ರಿಪೇರಿ ಆಗ್ಯದ್ರಿ. ಫಸ್ಟ್ ಕ್ಲಾಸ್ ಅದ. ಸುಮ್ನ ಮಂದೀನ ಅಂಜಿಸಬ್ಯಾಡ್ರಿ."

ಮೆಟ್ಟಿಲ ಮೇಲಿಂದ ಯಲ್ಲವ್ವನ ಧ್ವನಿ ಬಂತು.

"ಫಸ್ಟ್ ಕ್ಲಾಸ್ ಅದ ಏನ್ರಿ ಸಾಹೇಬ್ರ?"

"ಹೂನವ್ವಾ."

"ಹಂಗಾದ್ರ ಬರ್ರಿ, ನೀವೂ ಹತ್ರಿ. ಮಾನ್ವಿ ತನಕ ಕೂಡಿ ಹೋಗೋಣು. ಮುಂದಿನ ಸೀಟು ನಿಮಗಾ ಬಿಡ್ತೀನಿ."

ಮ್ಯಾನೇಜರ್ ನಕ್ಕರು. "ನನಗ ಮೀಟಿಂಗ್ ಅದವ್ವಾ."

"ಎಲ್ಲ್ಯದ ಮೀಟಿಂಗು?"

ಅವರು ಯೋಚಿಸದೆ ಉತ್ತರ ಕೊಟ್ಟುಬಿಟ್ಟರು.

"ಮಾನ್ವ್ಯಾಗ."

"ಹ್ಯಾಂಗ ಹೊಂಟೀರಿ?"

ಈ ಸಲ ಯೋಚಿಸಿದರು. ಆದರೆ ಬಿಳಿ ಕಾರು ಪಕ್ಕದಲ್ಲೇ ಇಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಎಲ್ಲರೂ ಕಾರು ನೋಡಿದರು. ಪೊಲೀಸರೂ ನೋಡಿದರು. ಯಾರೂ ನಗಲಿಲ್ಲ. ಯಲ್ಲವ್ವ ತಿರುಗಿ ತನ್ನ ಬುಟ್ಟಿ ಇಳಿಸತೊಡಗಿದಳು.

ನಿಂಗಪ್ಪ ಸೀಟಿನಲ್ಲೇ ಕೂತಿದ್ದ. ಇಂಜಿನ್ ಚಾಲೂ ಮಾಡಿದ. ಮ್ಯಾನೇಜರ್ ಮುಖ ಅರಳಿತು. ಬಸ್ಸು ಬಯಲಿನಲ್ಲಿ ನಾಲ್ಕು ಮಾರು ಮುಂದಕ್ಕೆ ಹೋಯಿತು. ನಿಂಗಪ್ಪನ ಭುಜ ತಗ್ಗಿದ್ದು ಕಾಣಿಸಿತು, ಒತ್ತುತ್ತಿದ್ದಾನೆ. ಬಸ್ಸು ನಿಲ್ಲಲಿಲ್ಲ. ಮತ್ತೆ ಒತ್ತಿದ. ಹಾರ ಹಾಕಿದ ಬಸ್ಸು ಮೆಲ್ಲಗೆ ತೆವಳುತ್ತಲೇ ಹೋಗಿ, ಬಯಲಿನ ಅಂಚಿನ ಮಣ್ಣಿನ ದಿಬ್ಬಕ್ಕೆ ಮೂತಿ ತಾಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಚೆಂಡುಹೂವು ಚೆಲ್ಲಿದವು.

ನಿಂಗಪ್ಪ ಇಳಿದು ಬಂದ. ಕೀಲಿಯನ್ನು ಮ್ಯಾನೇಜರ್ ಕೈಗೆ ಇಟ್ಟ.

"ಸಾಹೇಬ್ರ, ನಮ್ಮ ಊರ ಮಂದಿನೂ ಇಂಥದಾ ಬಸ್ಸಿಗಿ ಕಾಯ್ತಾರ್ರಿ. ನನ್ನ ಕೈಲಾಗಂಗಿಲ್ಲ."

ಆಮೇಲೆ ಮಹಬೂಬಿಯ ಮುಂದೆ ಬಂದು ನಿಂತ. ಅವಳ ಗುರುತು ಅವನಿಗೆ ಹೇಗೆ ಸಿಕ್ಕಿತೋ, ಮುಖ ಪೂರ್ತಿ ಮುಚ್ಚಿತ್ತು. "ಖಾಜಣ್ಣಗ ಹೇಳ್ರಿ ವೈನಿ. ಫೋನ್ ಎತ್ತಲಿಲ್ಲಂತ ಬೇಜಾರಾಗಬ್ಯಾಡ ಅಂತ." ಕಣ್ಣೊರೆಸಿಕೊಂಡ. ಹಣೆಯ ವಿಭೂತಿ ಕೆನ್ನೆಗೆ ಹತ್ತಿತು.

ಮಹಬೂಬಿ ತಲೆಯಾಡಿಸಿದಳು. ಆಮೇಲೆ ಹೋಗಿ ಯಲ್ಲವ್ವನ ಬುಟ್ಟಿಗೆ ಕೈ ಕೊಟ್ಟು ಕೆಳಗೆ ಇಳಿಸಿದಳು. ಕ್ಯಾಮೆರಾದವರು ಇದೆಲ್ಲದರ ಫೋಟೋ ತೆಗೆದರು. ದಿಬ್ಬಕ್ಕೆ ಮೂತಿ ಇಟ್ಟ ಬಸ್ಸಿನದೂ ತೆಗೆದರು. ಮರುದಿನದ ಪತ್ರಿಕೆ ನಾನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಎಮ್ಮೆ ಇನ್ನೂ ಸಿಕ್ಕಿರಲಿಲ್ಲ. ಬಸ್ಸಿನ ಸುದ್ದಿ ಇರಲಿಲ್ಲ.

ಅಂದು ಎಲ್ಲರೂ ಮತ್ತೆ ಕ್ರೂಸರ್‌ನಲ್ಲೇ ಹೋದೆವು. ಯಲ್ಲವ್ವ ದಾರಿಯುದ್ದಕ್ಕೂ ಎಲ್ಲರನ್ನೂ ಬೈದಳು. ಕಂಪನಿಯನ್ನು, ಪೊಲೀಸರನ್ನು, ಕ್ರೂಸರ್‌ನವನನ್ನು, ಮುಷ್ಕರದವರನ್ನು, ನನ್ನನ್ನು. "ಓದಿದಾಕಿ ಆಗಿ ಮಿರ್ಚಿ ತಿನ್ನಾಕ ನಿನಗ ಬ್ಯಾರೆ ಜಾಗ ಸಿಗಲಿಲ್ಲೇನು?" ಎಂದಳು. ಮಾನ್ವಿಯಲ್ಲಿ ಇಳಿದು, ಬೈಯುತ್ತಲೇ, ಒಂದು ಬುಟ್ಟಿ ಬದನೆಕಾಯಿಯನ್ನು ಶಾಮಿಯಾನದಲ್ಲಿ ಇಟ್ಟು ಮುಂದಿನ ಜೀಪು ಹತ್ತಿ ಪೋತ್ನಾಳಕ್ಕೆ ಹೋದಳು.

ನಾನೂ ಶಾಲೆ ಬಿಟ್ಟ ಮೇಲೆ ಶಾಮಿಯಾನಕ್ಕೆ ಹೋಗತೊಡಗಿದೆ. ಮೊದಲ ಸಂಜೆ ಒಳಗೆ ಕಾಲಿಡುವಾಗ ಮುಜುಗರವಾಯಿತು. ಒಬ್ಬ ಹಿರಿಯ ಕಂಡಕ್ಟರ್ ಜಮಖಾನೆಯ ಮೇಲೆ ಸರಿದು ಜಾಗ ಮಾಡಿ, "ಬರ್ರಿ ಅಕ್ಕೋರ, ಇಲ್ಲೂ ನೆಳ್ಳದ" ಎಂದರು. ಶಾಮಿಯಾನ ಬಿದ್ದುಹೋಗುವ ಹಾಗೆ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಹೋರಾಟ ಅಂದರೆ ಇಪ್ಪತ್ನಾಲ್ಕು ಗಂಟೆ ಘೋಷಣೆ ಎಂದುಕೊಂಡಿದ್ದೆ. ಅದರಲ್ಲಿ ಹೆಚ್ಚಿನ ಹೊತ್ತು ಬದನೆಕಾಯಿ ಹೆಚ್ಚುವುದು, ನೀರು ತುಂಬುವುದು, ಒಬ್ಬರ ಸೊಂಟನೋವನ್ನು ಇನ್ನೊಬ್ಬರು ಕೇಳುವುದು. ಸಂಜೆ ಇಳಿದರೆ ಯಾರೋ ತತ್ವಪದ ಎತ್ತಿಕೊಳ್ಳುತ್ತಿದ್ದರು. ನಿಂಗಪ್ಪ ದಮ್ಮಡಿ ಬಾರಿಸುತ್ತಿದ್ದ, ಪಕ್ಕದಲ್ಲಿ ಖಾಜಾಸಾಬ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಇಬ್ಬರೂ ಫೋನ್ ವಿಷಯ ಎತ್ತಿದ್ದು ನಾನಂತೂ ಕೇಳಲಿಲ್ಲ.

ಮ್ಯಾನೇಜರ್ ಕಾರಿನಲ್ಲಿ ಮೀಟಿಂಗಿಗೆ ಹೊರಟ ಕಥೆ ಪತ್ರಿಕೆಯಲ್ಲಿ ಬರದಿದ್ದರೂ ದೇವದುರ್ಗ ಮುಟ್ಟಲು ತಡವಾಗಲಿಲ್ಲ. ಕ್ರೂಸರ್‌ನಲ್ಲಿ ತೊಡೆಯ ಮೇಲೆ ತೊಡೆ ಇಟ್ಟು ಕೂತವರು ಮಾತಾಡದೆ ಇರಲು ಸಾಧ್ಯವೇ? ಕಂಪನಿಯವರು ಆಮೇಲೆ ಬೇರೆ ಡ್ರೈವರ್‌ಗಳನ್ನು ತಂದು ಒಂದು ಬಸ್ಸು ಬಿಡಲು ನೋಡಿದರು. ಜನ ಬಾಗಿಲ ಹತ್ತಿರ ಬಂದು, "ಸಾಹೇಬ್ರು ಬರ್ತಾರೇನು?" ಎಂದು ಕೇಳಿ, ಇಲ್ಲವೆಂದರೆ ಹತ್ತದೆ ಹೋಗುತ್ತಿದ್ದರಂತೆ.

ಕಡೆಗೆ ಮಾಲೀಕರೇ ಬಂದರು. ಮಾತುಕತೆಯಾಯಿತು. ಬಸ್ಸುಗಳನ್ನು ಒಂದೊಂದಾಗಿ ಹೊರಗಿನ ಮೆಕ್ಯಾನಿಕ್‌ಗೆ ತೋರಿಸಿ, ಅವರು ಸರಿ ಅಂದ ಮೇಲೆಯೇ ರಸ್ತೆಗೆ ಬಿಡುವುದು ಎಂದಾಯಿತು. ಖಾಜಾಸಾಬರ ಸಸ್ಪೆನ್ಷನ್ ರದ್ದಾಯಿತು. ಪಟಾಕಿ ಹೊಡೆದರು. ನಾನು ಪೇಢೆ ತಿಂದೆ. (ಕಿಟಕಿಯ ಪಕ್ಕ ಅಲ್ಲ.)

ಪೂರಾ ಗೆಲುವೇ? ಅಲ್ಲ. ಕೆಲಸಕ್ಕೆ ಮರಳಿದ ದಿನವೇ ಖಾಜಾಸಾಬರನ್ನು ಮಾನ್ವಿ ಸಾಲಿನಿಂದ ತೆಗೆದು ಗುಂಜಹಳ್ಳಿಯ ಚಿಕ್ಕ ಬಸ್ಸಿಗೆ ಹಾಕಿದರು. ಇದು ಶಿಕ್ಷೆಯಲ್ಲ, ಬದಲಾವಣೆ ಎಂದರು ಮ್ಯಾನೇಜರ್. ಮಹಬೂಬಿಗೆ ಸಿಟ್ಟು ಇನ್ನೂ ಇಳಿದಿಲ್ಲ. "ತಪ್ಪು ಅವರದು, ಊರು ಬದಲಿ ನಮ್ಮೋರಿಗಿ" ಎನ್ನುತ್ತಾಳೆ. ಖಾಜಾಸಾಬರನ್ನು ಕೇಳಿದರೆ, "ಆ ಗಾಡಿ ಛಲೋ ಅದ್ರಿ" ಅಂತ ಸುಮ್ಮನಾಗುತ್ತಾರೆ. ಆದರೆ ನನ್ನ ರಜೆಯ ದಿನ ಬೆಳಿಗ್ಗೆ ಮಾನ್ವಿ ಬಸ್ಸಿನ ಹಾರ್ನು ಕೇಳಿದಾಗ ಅವರು ಚಹಾದ ಲೋಟ ಕೆಳಗಿಟ್ಟು ರಸ್ತೆಯ ಕಡೆ ನೋಡುವುದನ್ನು ನಾನು ಗೋಡೆಯ ಈಚೆಯಿಂದ ಕಂಡಿದ್ದೇನೆ.

ನಮ್ಮ ಬಸ್ಸನ್ನು ಈಗ ನಿಂಗಪ್ಪ ಓಡಿಸುತ್ತಾನೆ. ಹೊಸ ಬ್ರೇಕು. ಕುರಿ ಹಿಂಡು ಅಷ್ಟು ದೂರ ಇರುವಾಗಲೇ ನಿಲ್ಲಿಸಿಬಿಡುತ್ತಾನೆ. ಅದಕ್ಕೂ ಯಲ್ಲವ್ವ ಬೈಯುತ್ತಾಳೆ.

ನಿನ್ನೆ ಸ್ಟ್ಯಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಹುಬ್ಬು ಗಂಟಿಕ್ಕಿ ಕೇಳಿದರು. "ಏನೇ ಹೇಳ್ರಿ ಮೇಡಂ, ಅಷ್ಟು ದಿನ ಬಸ್ಸು ನಿಂತು ಮಂದಿಗಿ ಎಷ್ಟು ತ್ರಾಸಾತು! ಅದನ್ನ ನೀವು ಬರೆಯಂಗಿಲ್ಲೇನು?"

ಬರೆಯುತ್ತೇನೆ. ಬಸ್ಸು ನಿಂತರೆ ಜನರಿಗೆ ತೊಂದರೆ, ನಿಜ. ನಿಲ್ಲಬೇಕಾದ ಕಡೆ ನಿಲ್ಲದಿದ್ದರೆ ಯಾರಿಗೆ?